ಅಮ್ಮನ 'ಎಂಟು' ಅಂದರೆ ಎಷ್ಟು ನೋವು?

ಪ್ರಶ್ನೆ: ನನ್ನ ಅಮ್ಮನಿಗೆ 64 ವರ್ಷ. ಎರಡು ವರ್ಷದಿಂದ ಬಲಗಾಲಿನ ಮಂಡಿ ನೋವು. ಎಕ್ಸ್‌ರೇ ನೋಡಿದವರು "ಸ್ವಲ್ಪ ಸವೆದಿದೆ, ಅಂಥದ್ದೇನಿಲ್ಲ" ಅಂದರು. ಆದರೆ ಡಾಕ್ಟರು "ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು?" ಅಂತ ಕೇಳಿದಾಗಲೆಲ್ಲ ಅಮ್ಮ "ಎಂಟು" ಅಂತಾರೆ. ಪಕ್ಕದ ಮನೆ ಆಂಟಿಯ ಎಕ್ಸ್‌ರೇ ಇದಕ್ಕಿಂತ ಕೆಟ್ಟದಾಗಿದೆಯಂತೆ, ಅವರು ಆರಾಮಾಗಿ ಮಹಡಿ ಹತ್ತಿ ಬಟ್ಟೆ ಒಣಗಿಸಿ ಬರುತ್ತಾರೆ. ಅಣ್ಣ "ಅಮ್ಮಂದು ಸ್ವಲ್ಪ ಜಾಸ್ತಿಯಾಯ್ತು" ಅಂತಾನೆ. ಬಿಪಿಗೆ, ಶುಗರ್‌ಗೆ ಮಶೀನು ಇದೆ. ನೋವು ಅಳೆಯೋಕೆ ಯಾಕೆ ಒಂದು ಮಶೀನು ಇಲ್ಲ?

ಉತ್ತರ: ಮಶೀನು ಇತ್ತು. ನೋವಿಗೆ ಕೆಜಿ, ಲೀಟರ್ ಥರದ ಒಂದು ಅಳತೆಯೂ ಇತ್ತು. ಅದರ ಹೆಸರು 'ಡಾಲ್'. ಅದೇನಾಯಿತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅಣ್ಣನಿಗೆ ಕೊಡಬೇಕಾದ ಉತ್ತರದ ಅರ್ಧ ಅದರಲ್ಲೇ ಇದೆ.

1940ರ ಸುಮಾರಿಗೆ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್, ಹೆಲೆನ್ ಗುಡೆಲ್ ಅಂತ ಮೂವರಿದ್ದರು. ಅವರು ಮಾಡಿದ ಯಂತ್ರ ಡೋಲೋರಿಮೀಟರ್. ನೋಡೋಕೆ ಏನೂ ಮಹಾ ಅಲ್ಲ. ಒಂದು ಪ್ರಖರ ದೀಪ, ಅದರ ಶಾಖವನ್ನು ಒಂದು ಕಡೆ ಕೂಡಿಸುವ ಮಸೂರ, ಮೂರು ಸೆಕೆಂಡು ತೆರೆದು ಮುಚ್ಚಿಕೊಳ್ಳುವ ಪುಟ್ಟ ಬಾಗಿಲು. ಹಣೆಯ ಮೇಲೆ ಬೊಟ್ಟಿಟ್ಟ ಹಾಗೆ ಸ್ವಲ್ಪ ಜಾಗಕ್ಕೆ ಕಪ್ಪು ಬಳಿಯುತ್ತಿದ್ದರು. ಮೈಬಣ್ಣ ಯಾವುದೇ ಇರಲಿ, ಎಲ್ಲರ ಚರ್ಮವೂ ಶಾಖವನ್ನು ಒಂದೇ ಥರ ಹೀರಲಿ ಅಂತ. ಆಮೇಲೆ ಬಾಗಿಲು ತೆರೆಯೋದು. ಮೊದಲು ಬಿಸಿ, ಇನ್ನೂ ಬಿಸಿ, ಮೂರನೇ ಸೆಕೆಂಡಿನ ತುದಿಯಲ್ಲಿ ಸೂಜಿ ಮೊನೆ ತಾಗಿದ ಹಾಗೆ ಸಣ್ಣಗೆ ಒಂದು ಚುರುಕು. ಆ ಚುರುಕು ಹುಟ್ಟುವುದಕ್ಕೆ ಎಷ್ಟು ಶಾಖ ಬೇಕೋ ಅದೇ ನೋವಿನ ಹೊಸ್ತಿಲು. ಚರ್ಮದ ಬಿಸಿ ಆಗ ಹತ್ತಿರ ಹತ್ತಿರ 45 ಡಿಗ್ರಿ ಸೆಲ್ಸಿಯಸ್ ಇರುತ್ತದೆ.

ಮೊದಮೊದಲು ಮೂವರೂ ತಮ್ಮ ಹಣೆಗಳನ್ನೇ ಸುಟ್ಟುಕೊಂಡರು. ಆಮೇಲೆ ನೂರೈವತ್ತು ಜನರ ಮೇಲೆ ನೋಡಿದರು. ಆಶ್ಚರ್ಯ ಅಂದರೆ ಎಲ್ಲರ ಹೊಸ್ತಿಲೂ ಹೆಚ್ಚು ಕಮ್ಮಿ ಒಂದೇ ಎತ್ತರದಲ್ಲಿತ್ತು. ಅಲ್ಲಿಂದ ಮುಂದೆ ಶಾಖವನ್ನು ಏರಿಸುತ್ತಾ ಹೋಗಿ, "ಈಗ ಮೊದಲಿಗಿಂತ ಜಾಸ್ತಿ" ಅಂತ ಮನುಷ್ಯ ಗುರುತಿಸಬಲ್ಲ ಮೆಟ್ಟಿಲುಗಳನ್ನು ಎಣಿಸಿದರು. 21 ಮೆಟ್ಟಿಲು ಸಿಕ್ಕವು. ಎರಡು ಮೆಟ್ಟಿಲಿಗೆ ಒಂದು ಡಾಲ್. ಅಂದರೆ ಮನುಷ್ಯ ಅನುಭವಿಸಬಹುದಾದ ನೋವಿನ ತುತ್ತತುದಿ ಹತ್ತೂವರೆ ಡಾಲ್!

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೆರಿಗೆ ನೋವನ್ನೂ ಅಳೆಯೋಣ ಅಂತ ಹೊರಟರು. ಒಂದು ಬೇನೆ ಬಂದು ಹೋಗಿ ಇನ್ನೊಂದು ಬರುವುದರೊಳಗೆ ಹೆಂಗಸಿನ ಕೈಗೆ ಶಾಖ ಕೊಟ್ಟು, "ಈ ಸುಡೋದು ಜಾಸ್ತಿಯೋ, ಈಗ ಬಂದ ಬೇನೆ ಜಾಸ್ತಿಯೋ?" ಅಂತ ಕೇಳೋದು. ಓದುವಾಗಲೇ ಮೈ ಉರಿಯುತ್ತದೆ ಅಲ್ವಾ? ಆ ಹೆಂಗಸರು ಹೇಗೆ ಸುಮ್ಮನಿದ್ದರೋ.

ಯಂತ್ರ ಮೂಲೆ ಸೇರಿದ್ದು ಬೇರೆ ಕಾರಣಕ್ಕೆ. ನೋವು ಅಳೆಯುವ ಯಂತ್ರ ಅಂದಮೇಲೆ ಮಾರ್ಫೀನ್ ಕೊಟ್ಟಾಗ ಅಳತೆ ಬದಲಾಗಬೇಕು ತಾನೇ? ಕಾರ್ನೆಲ್‌ನವರಿಗೆ ಬದಲಾಯಿತು, ಬೇರೆ ಲ್ಯಾಬುಗಳಲ್ಲಿ ಆ ಫಲಿತಾಂಶ ನೆಟ್ಟಗೆ ಸಿಗಲಿಲ್ಲ. ಈ ಕೊರತೆಯನ್ನು ಹಿಡಿದು ಜಗ್ಗಿದವರು ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್. ಎರಡನೇ ಮಹಾಯುದ್ಧದಲ್ಲಿ ಅವರು ಇಟಲಿಯ ರಣರಂಗದಲ್ಲಿ ಗಾಯಾಳುಗಳ ನಡುವೆ ಇದ್ದವರು. ಕೈಕಾಲಿನ ಮೂಳೆ ಪುಡಿಯಾದವರು, ಹೊಟ್ಟೆಗೆ ಗುಂಡು ಬಿದ್ದವರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನೋವಿನ ಔಷಧಿ ಬೇಡ ಅಂದರು. ಮರಗಟ್ಟಿ ಹೋಗಿದ್ದರಾ ಅಂದರೆ ಅದೂ ಇಲ್ಲ. ಅದೇ ಮನುಷ್ಯನಿಗೆ ಯಾರಾದರೂ ಒರಟಾಗಿ ಸೂಜಿ ಚುಚ್ಚಿದರೆ ಎಲ್ಲರ ಹಾಗೇ ಕೂಗಾಡುತ್ತಿದ್ದ. ಯುದ್ಧ ಮುಗಿದ ಮೇಲೆ ಬೀಚರ್ ಊರಿನ ಆಸ್ಪತ್ರೆಯಲ್ಲಿ ಆಪರೇಶನ್ ಆದವರನ್ನು ಕೇಳಿದರು. ಗಾಯ ಚಿಕ್ಕದು, ಹೊಲಿಗೆ ಅಚ್ಚುಕಟ್ಟು. ಅಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಔಷಧಿ ಬೇಕು ಅಂದರು. ಸೈನಿಕನಿಗೆ ಗಾಯ ಅಂದರೆ ಬದುಕಿ ಮನೆಗೆ ಹೋಗುವ ಟಿಕೆಟ್ಟು. ಊರಿನವನಿಗೆ ಅದೇ ಗಾಯ ಬಾಳಿಗೆ ಬಿದ್ದ ಕಲ್ಲು. ಬೀಚರ್ ಅದನ್ನು ಅರ್ಥಮಾಡಿಕೊಂಡದ್ದು ಹೀಗೆ.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಡೋಲೋರಿಮೀಟರ್ ಅಳೆದದ್ದು ಶಾಖವನ್ನು. ಆ ಶಾಖ ನೋವಾಗಿ ತಿರುಗುವ ಹೊಸ್ತಿಲನ್ನೂ ಚೆನ್ನಾಗೇ ಅಳೆಯಿತು. ಹೊಸ್ತಿಲು ದಾಟಿ ಮನೆಯೊಳಗೆ ಏನು ನಡೆಯುತ್ತದೆ ಅನ್ನೋದು ಅದಕ್ಕೆ ಕಾಣಲಿಲ್ಲ. ನಿಮ್ಮ ಅಮ್ಮನ ಎಕ್ಸ್‌ರೇಯೂ ಹಾಗೇ. ಅದು ಮೂಳೆಯ ಫೋಟೋ. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಜಾಗ ಕಮ್ಮಿಯಾದದ್ದು ನೋಡಿ "ಸವೆದಿದೆ" ಅಂತಾರಲ್ಲ, ಆ ಸವೆದ ಮೆದುಮೂಳೆಗೆ ನೋವಿನ ನರವೇ ಇಲ್ಲ. ನೋವು ಬರುವುದು ಕೀಲಿನ ಒಳಪೊರೆಯ ಉರಿಯೂತದಿಂದ, ಕೆಳಗಿನ ಮೂಳೆಯಿಂದ, ಸುತ್ತಲಿನ ಕಟ್ಟುಗಳಿಂದ. ಇವು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಪಕ್ಕದ ಮನೆ ಆಂಟಿಯ ಫಿಲ್ಮನ್ನೂ ಅಮ್ಮನ ಫಿಲ್ಮನ್ನೂ ಪಕ್ಕಪಕ್ಕ ಹಿಡಿದರೆ ಯಾರಿಗೆ ನೋವು ಜಾಸ್ತಿ ಅಂತ ಹೇಳೋಕೆ ನನಗಂತೂ ಆಗುವುದಿಲ್ಲ.

ಹೊರಗಿನ ಪೆಟ್ಟಿಗೂ ಒಳಗಿನ ಅನುಭವಕ್ಕೂ ಏನು ಲೆಕ್ಕ ಅನ್ನೋ ಪ್ರಶ್ನೆ ಡೋಲೋರಿಮೀಟರ್‌ಗಿಂತ ನೂರು ವರ್ಷ ಹಳೆಯದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ವೇಬರ್ ಅಂತ ಒಬ್ಬರು ಜನರ ಕೈಗೆ ತೂಕ ಕೊಟ್ಟು ನೋಡುತ್ತಿದ್ದರು. ನೀವೂ ಮಾಡಿ ನೋಡಬಹುದು. ನೂರು ಗ್ರಾಂ ಚಹಾಪುಡಿ ಪೊಟ್ಟಣದ ಮೇಲೆ ಐವತ್ತು ಗ್ರಾಂ ಇಟ್ಟರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಅದೇ ಐವತ್ತು ಗ್ರಾಮನ್ನು ಇಪ್ಪತ್ತು ಕೆಜಿ ಅಕ್ಕಿಮೂಟೆಗೆ ಸೇರಿಸಿ. ಮೂಟೆ ಹೊರುವವನಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಇಂದ್ರಿಯಗಳು ಎಷ್ಟು ಸೇರಿತು ಅಂತ ನೋಡುವುದಿಲ್ಲ, ಇದ್ದದ್ದರಲ್ಲಿ ಎಷ್ಟನೇ ಪಾಲು ಸೇರಿತು ಅಂತ ನೋಡುತ್ತವೆ. ಅದೇ ಊರಿನ ಗುಸ್ತಾವ್ ಫೆಕ್ನರ್ 1860ರಲ್ಲಿ ಇದಕ್ಕೆ ಗಣಿತ ಕಟ್ಟಿ, ಸೈಕೋಫಿಸಿಕ್ಸ್ ಅಂತ ಒಂದು ಶಾಸ್ತ್ರವನ್ನೇ ಶುರುಮಾಡಿದರು. ಹೊರಗಿನದು ದುಪ್ಪಟ್ಟಾಗುತ್ತಾ ಹೋದರೂ ಒಳಗೆ ಒಂದೊಂದೇ ಮೆಟ್ಟಿಲು ಏರುತ್ತದೆ ಅನ್ನೋದು ಅವರ ಸೂತ್ರ.

ನೋವು ಆ ಸೂತ್ರಕ್ಕೆ ಬಗ್ಗಲಿಲ್ಲ. 1950ರ ದಶಕದಲ್ಲಿ ಹಾರ್ವರ್ಡ್‌ನ ಎಸ್. ಎಸ್. ಸ್ಟೀವನ್ಸ್ ಸುತ್ತುಬಳಸು ಬಿಟ್ಟು ಜನರನ್ನೇ ನೇರವಾಗಿ ಕೇಳಿದರು: ನಿಮಗೆ ಅನಿಸಿದ್ದಕ್ಕೆ ಒಂದು ಅಂಕಿ ಕೊಡಿ. ಕತ್ತಲಲ್ಲಿ ಬೆಳಕು ಎರಡು ಪಟ್ಟು ಅನಿಸಬೇಕಾದರೆ ದೀಪವನ್ನು ಎಂಟು ಪಟ್ಟು ಮಾಡಬೇಕಾಯಿತು. ಗೆರೆಯ ಉದ್ದ ಎರಡು ಪಟ್ಟಾದರೆ ಎರಡು ಪಟ್ಟೇ ಅನಿಸಿತು. ಬೆರಳಿಗೆ ಕೊಟ್ಟ ಕರೆಂಟ್ ಶಾಕ್ ಮಾತ್ರ ಉಲ್ಟಾ. ಕರೆಂಟು ಎರಡು ಪಟ್ಟಾದರೆ ಅನುಭವ ಹನ್ನೊಂದು ಪಟ್ಟು! ಬೆಳಕಿಗೆ ಕಣ್ಣು ಒಗ್ಗಿಕೊಳ್ಳುತ್ತದೆ, ನೋವು ಹಾಗಲ್ಲ, ಅಪಾಯ ಹತ್ತಿರವಾದಷ್ಟೂ ಕಿರುಚುತ್ತದೆ. ಅಮ್ಮ ಬೆಳಿಗ್ಗೆ "ಪರವಾಗಿಲ್ಲ" ಅಂದವರು ಮದುವೆಮನೆಯಲ್ಲಿ ಒಂದು ಗಂಟೆ ಜಾಸ್ತಿ ನಿಂತು ಬಂದು "ಕಾಲು ಕಿತ್ತು ಬರ್ತಿದೆ" ಅಂದರೆ ಆಶ್ಚರ್ಯಪಡಬೇಡಿ. ಮಂಡಿಯ ಒಳಗೆ ಆದ ವ್ಯತ್ಯಾಸ ಚಿಕ್ಕದೇ ಇರಬಹುದು. ಏರು ಕಡಿದಾಗಿದೆ.

ಇದೆಲ್ಲ ಹೊರಗಿನಿಂದ ಒಂದು ಪೆಟ್ಟು ಇದ್ದಾಗಿನ ಮಾತು. ನೋವುಂಟು ಮಾಡುವಂಥದ್ದು ಏನೂ ಇಲ್ಲದೆಯೂ ನೋವು ಹುಟ್ಟಿಸಬಹುದು. ಸ್ವೀಡನ್ನಿನ ಟಾರ್ಸ್ಟನ್ ಥುನ್‌ಬೆರ್ಗ್ 1896ರಲ್ಲಿ ತೋರಿಸಿಕೊಟ್ಟ ಒಂದು ಚಮತ್ಕಾರ ಇದೆ. ಲೋಹದ ಸರಳುಗಳನ್ನು ಕಿಟಕಿಯ ಹಾಗೆ ಸಾಲಾಗಿ ಜೋಡಿಸಿ, ಒಂದು ಬಿಟ್ಟು ಒಂದನ್ನು ಬೆಚ್ಚಗೆ ಇಡಬೇಕು, ಸುಮಾರು 40 ಡಿಗ್ರಿ. ಉಳಿದವು ತಣ್ಣಗೆ, ಸುಮಾರು 20 ಡಿಗ್ರಿ. ಬೆಚ್ಚಗಿನದನ್ನು ಮಾತ್ರ ಮುಟ್ಟಿದರೆ ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಹಿತ. ತಣ್ಣಗಿನದು ಮಡಕೆ ನೀರು ಅಷ್ಟೆ. ಎರಡರ ಮೇಲೂ ಒಟ್ಟಿಗೆ ಅಂಗೈ ಇಟ್ಟರೆ ಮಾತ್ರ ಚುರ್ ಅನ್ನುತ್ತದೆ. ನಾನು ಮೊದಲ ಸಲ ಇಟ್ಟಾಗ ಒಳಗಿನ ಗುಟ್ಟು ಪೂರ್ತಿ ಗೊತ್ತಿತ್ತು, ಆದರೂ ಕೈ ತಾನಾಗೇ ಹಿಂದೆ ಬಂತು. ಗೊತ್ತಿದ್ದದ್ದು ಉಪಯೋಗಕ್ಕೆ ಬರಲಿಲ್ಲ. ಆ ಕ್ಷಣ ಯಾರಾದರೂ "ನಾಟಕ ಮಾಡ್ತೀಯ" ಅಂದಿದ್ದರೆ ಥರ್ಮಾಮೀಟರ್ ಅವರ ಕಡೆಯೇ ಸಾಕ್ಷಿ ಹೇಳುತ್ತಿತ್ತು.

ಇಂಗ್ಲೆಂಡಿನ ಒಬ್ಬ ಕಟ್ಟಡ ಕೆಲಸಗಾರನ ಕಥೆಯೂ ಇಂಥದ್ದೇ. 1995ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಮೇಲಿಂದ ಹಾರಿದಾಗ ಉದ್ದನೆಯ ಮೊಳೆಯೊಂದು ಬೂಟನ್ನು ತೂರಿಕೊಂಡು ಮೇಲೆ ಬಂತು. ಮೊಳೆ ಸ್ವಲ್ಪ ಅಲುಗಾಡಿದರೂ ಅವನಿಗೆ ಜೀವ ಹೋಗುವಷ್ಟು ನೋವು. ಆಸ್ಪತ್ರೆಯಲ್ಲಿ ಮತ್ತು ಬರುವ ಔಷಧಿ ಕೊಟ್ಟು ಬೂಟು ಬಿಚ್ಚಿದರು. ಮೊಳೆ ಎರಡು ಬೆರಳುಗಳ ಸಂದಿಯಲ್ಲಿ ಹೋಗಿತ್ತು. ಒಂದು ಗೀರೂ ಇರಲಿಲ್ಲ.

ಖಾರದ ವಿಷಯ ತೆಗೆದುಕೊಳ್ಳಿ, ನಮಗೆಲ್ಲ ಹತ್ತಿರದ್ದು. "ಬಾಯಿ ಸುಟ್ಟುಹೋಯ್ತು" ಅಂತೀವಲ್ಲ, ನರದ ಮಟ್ಟಿಗೆ ಅದು ಬರೀ ಮಾತಲ್ಲ. ಸುಮಾರು 43 ಡಿಗ್ರಿ ದಾಟಿದರೆ ತೆರೆದುಕೊಳ್ಳುವ ಒಂದು ಬಾಗಿಲು ನರಗಳ ತುದಿಯಲ್ಲಿದೆ, ಟಿಆರ್‌ಪಿವಿ-1 ಅಂತ ಹೆಸರು. 1997ರಲ್ಲಿ ಅದನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಗಲಿದರೆ ಬಿಸಿ ಇಲ್ಲದೆಯೂ ಅದೇ ಬಾಗಿಲು ತೆರೆಯುತ್ತದೆ. ಬ್ಯಾಡಗಿಯಲ್ಲಿ ಅದು ಕಮ್ಮಿ, ಗುಂಟೂರಿನಲ್ಲಿ ಜಾಸ್ತಿ, ಇವತ್ತು ಲ್ಯಾಬಿನಲ್ಲಿ ಕರಾರುವಾಕ್ಕಾಗಿ ಅಳೆಯಬಹುದು. ಸರಿ. ಈಗ ಅದೇ ಬಟ್ಟಲಿನ ರಂಜಕವನ್ನು ಬೆಂಗಳೂರಲ್ಲಿ ಬೆಳೆದ ಮೊಮ್ಮಗನಿಗೂ ಬಾಗಲಕೋಟೆಯ ಅಜ್ಜನಿಗೂ ಬಡಿಸಿ. ಒಬ್ಬ ನೀರಿಗೆ ಓಡುತ್ತಾನೆ, ಇನ್ನೊಬ್ಬರು "ಇನ್ನಷ್ಟು ಹಾಕ್ರಿ" ಅಂತಾರೆ. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ನಮ್ಮ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ವರ್ಷವೂ ಇದರ ಇನ್ನೊಂದು ರೂಪ ನೋಡುತ್ತೇನೆ. ಐಸ್ ಹಾಕಿದ ಬಕೆಟ್ಟಿನಲ್ಲಿ ಮಣಿಕಟ್ಟಿನವರೆಗೆ ಕೈ ಮುಳುಗಿಸಿ ಬಿಪಿ ನೋಡುವ ಪರೀಕ್ಷೆ. ಒಮ್ಮೆ ಎತ್ತರದ ಒಬ್ಬ ಹುಡುಗ, ಕಬಡ್ಡಿ ಆಡುವವನು, ಇಪ್ಪತ್ತು ಸೆಕೆಂಡಿಗೆ "ಸರ್, ಆಗಲ್ಲ" ಅಂತ ಕೈ ತೆಗೆದ. ಅವನ ನಂತರ ಬಂದ ಸಣಕಲು ಹುಡುಗಿ ಗೆಳತಿಯ ಜೊತೆ ಹಾಸ್ಟೆಲ್ ಊಟದ ಬಗ್ಗೆ ಮಾತಾಡುತ್ತಾ ಮೂರು ನಿಮಿಷ ಇಟ್ಟುಕೊಂಡಿದ್ದಳು. ನೀರು ಒಂದೇ, ಬಕೆಟ್ಟು ಒಂದೇ. ಬಿಪಿ ಇಬ್ಬರಿಗೂ ಏರಿತ್ತು. ಕ್ಲಾಸು ನಕ್ಕಿತು, ಹುಡುಗ ಮುಖ ಕೆಂಪಗೆ ಮಾಡಿಕೊಂಡ. ಆವತ್ತು ನಾನೂ ನಕ್ಕೆ. ಈಗ ನಗುವುದಿಲ್ಲ.

ಯಾಕೆ ನಗುವುದಿಲ್ಲ ಅಂದರೆ, 2003ರಲ್ಲಿ ಅಮೆರಿಕದ ರಾಬರ್ಟ್ ಕಾಗಿಲ್ ಮತ್ತು ಜೊತೆಯವರು ಪ್ರಕಟಿಸಿದ ಒಂದು ಪ್ರಯೋಗ. 17 ಜನರ ಕಾಲಿಗೆ 49 ಡಿಗ್ರಿ ಬಿಸಿ ಕೊಟ್ಟರು. ಎಲ್ಲರಿಗೂ ಅದೇ ಬಿಸಿ. ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಒಬ್ಬರು ಒಂದು ಅಂದರು, ಇನ್ನೊಬ್ಬರು ಹೆಚ್ಚೂ ಕಮ್ಮಿ ಒಂಬತ್ತು ಅಂದರು. ಮಿದುಳಿನ ಸ್ಕ್ಯಾನ್ ನೋಡಿದರೆ, ಜಾಸ್ತಿ ಅಂಕ ಕೊಟ್ಟವರ ಮಿದುಳಿನ ಮೇಲ್ಪದರದ ನೋವಿಗೆ ಸಂಬಂಧಪಟ್ಟ ಭಾಗಗಳು ನಿಜವಾಗಿಯೂ ಜಾಸ್ತಿ ಎದ್ದಿದ್ದವು. ಅಂದರೆ ಒಂಬತ್ತು ಅಂದವರು ಸುಮ್ನೆ ಅಂದಿರಲಿಲ್ಲ. ನಿಮ್ಮ ಅಣ್ಣನಿಗೆ ಇದೊಂದು ಹೇಳಿ, ಸಾಕು.

ಹಾಗಾದರೆ ಸ್ಕ್ಯಾನನ್ನೇ ನೋವಿನ ಮಶೀನು ಮಾಡಬಹುದಲ್ಲ ಅಂತ ಕೇಳುತ್ತೀರಿ. ಲ್ಯಾಬಿನಲ್ಲಿ ಆರೋಗ್ಯವಂತರಿಗೆ ಬಿಸಿ ಮುಟ್ಟಿಸಿದಾಗ ಮಿದುಳಿನಲ್ಲಿ ಮೂಡುವ ವಿನ್ಯಾಸವನ್ನು ಗುರುತಿಸುವ ಕೆಲಸ ಸುಮಾರು ಮುಂದೆ ಹೋಗಿದೆ. ಆದರೆ ಆ ವಿನ್ಯಾಸ ಸರಿಯೋ ತಪ್ಪೋ ಅಂತ ತಾಳೆ ನೋಡುವುದು ಯಾವುದರ ಜೊತೆ? ಆ ಮನುಷ್ಯ ಬಾಯಿಬಿಟ್ಟು ಹೇಳಿದ ಅಂಕಿಯ ಜೊತೆ. ಸುತ್ತಿ ಸುತ್ತಿ ಮತ್ತೆ ಅಮ್ಮನ 'ಎಂಟು' ಹತ್ತಿರವೇ ಬಂದೆವು.

ಇವತ್ತು ಉಪಯೋಗದಲ್ಲಿರುವ ಸಲಕರಣೆಗಳು ಇಲ್ಲವೆಂದಲ್ಲ. ಶುಗರ್ ಕ್ಲಿನಿಕ್ಕಿನಲ್ಲಿ ಅಂಗಾಲಿಗೆ ನೈಲಾನ್ ಎಳೆ ಒತ್ತುವುದನ್ನು ನೋಡಿರಬಹುದು. ಅದು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ. ಬಾಗಿದಾಗಲೂ ಗೊತ್ತಾಗದಿದ್ದರೆ ಕಾಲಿನ ಸ್ಪರ್ಶ ಕುಂದಿದೆ ಅಂತ ಅರ್ಥ. ದೊಡ್ಡ ಲ್ಯಾಬುಗಳಲ್ಲಿ ಚರ್ಮದ ಮೇಲೆ ಒಂದು ಬಿಲ್ಲೆ ಇಟ್ಟು 32 ಡಿಗ್ರಿಯಿಂದ ಸೆಕೆಂಡಿಗೆ ಒಂದು ಡಿಗ್ರಿ ಏರಿಸುತ್ತಾರೆ. ನೋವು ಶುರುವಾದಾಗ ನೀವು ಗುಂಡಿ ಒತ್ತಬೇಕು, 50 ಬಂದರೆ ಅದು ತಾನಾಗೇ ನಿಲ್ಲುತ್ತದೆ. ಇವೂ ಹೊಸ್ತಿಲು ಅಳೆಯುವ ಸಾಮಾನುಗಳೇ.

ಅಮ್ಮನ ವಿಷಯಕ್ಕೆ ನಿಜವಾಗಿ ಪ್ರಯೋಜನಕ್ಕೆ ಬರಬಹುದಾದದ್ದು ಒಂದಿದೆ. ಕೆಲವು ಫಿಸಿಯೋಥೆರಪಿಸ್ಟರ ಹತ್ತಿರ ಇರುತ್ತದೆ, ಆಲ್ಗೋಮೀಟರ್. ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಅಗಲದ ರಬ್ಬರ್ ಇರುವ ಒತ್ತುಗಡ್ಡಿ. ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ, ಒತ್ತುವುದು ನೋವಾಗಿ ಬದಲಾದ ಕೂಡಲೇ "ಹಾಂ" ಅನ್ನಬೇಕು, ಎಷ್ಟು ಕೆಜಿ ಅಂತ ಡಯಲ್ಲಿನಲ್ಲಿ ಕಾಣುತ್ತದೆ. ಇದನ್ನು ಮಂಡಿಯ ಮೇಲೆ ಮಾತ್ರ ಅಲ್ಲ, ಮುಂಗೈ ಮೇಲೂ ಒತ್ತಿಸಿ ನೋಡಲು ಹೇಳಿ. ಮಂಡಿ ಸವೆತದವರಲ್ಲಿ ಕೆಲವರಿಗೆ ಏನೂ ಆಗದ ಮುಂಗೈಯಲ್ಲೂ ಬೇಗನೆ ನೋವಾಗುತ್ತದೆ. ಮಂಡಿಯಿಂದ ತಿಂಗಳುಗಟ್ಟಲೆ ದೂರು ಕೇಳಿ ಕೇಳಿ ಬೆನ್ನುಹುರಿಯೂ ಮಿದುಳೂ ತಮ್ಮ ವಾಲ್ಯೂಮನ್ನೇ ಏರಿಸಿಕೊಂಡಿರುತ್ತವೆ. ಅಂಥವರಿಗೆ ಎಕ್ಸ್‌ರೇಯ 'ಸ್ವಲ್ಪ'ವೂ ಬಾಯಿಯ 'ಎಂಟೂ' ಎರಡೂ ನಿಜ. ಚಿಕಿತ್ಸೆಯ ದಾರಿ ಕೂಡ ಸ್ವಲ್ಪ ಬದಲಾಗುತ್ತದೆ: ಮಂಡಿಗೆ ಮಾತ್ರ ಮುಲಾಮು, ಇಂಜೆಕ್ಷನ್ ಅಂತ ಓಡಾಡುವ ಬದಲು ನಿದ್ದೆ, ಮೆಲ್ಲಗೆ ಏರಿಸುತ್ತಾ ಹೋಗುವ ವ್ಯಾಯಾಮ, ಮನಸ್ಸಿನ ಭಾರ ಇವುಗಳ ಕಡೆಗೂ ಡಾಕ್ಟರು ನೋಡಬೇಕಾಗುತ್ತದೆ.

ಈಗ ಆ 'ಎಂಟು'. ಅದನ್ನು ಥರ್ಮಾಮೀಟರಿನ ಅಂಕಿಯ ಹಾಗೆ ಓದಬೇಡಿ. ಆಂಟಿಯ ನಾಲ್ಕಕ್ಕಿಂತ ಅಮ್ಮನ ಎಂಟು ಎರಡರಷ್ಟು ಅನ್ನೋ ಲೆಕ್ಕ ಇಲ್ಲವೇ ಇಲ್ಲ. ಅಮ್ಮನ ಹತ್ತು ಯಾವುದು ಅಂತ ಒಂದು ಸಲ ಕೇಳಿ ನೋಡಿ. ನಿಮ್ಮನ್ನು ಹೆತ್ತದ್ದು ಇರಬಹುದು, ಬಚ್ಚಲಲ್ಲಿ ಬಿಸಿನೀರು ಮೈಮೇಲೆ ಸುರಿದದ್ದು ಇರಬಹುದು. ಆ ಹತ್ತನ್ನು ಇಟ್ಟುಕೊಂಡೇ ಅವರು ಎಂಟು ಅಂತಿರೋದು. ಆ ಅಂಕಿಗೆ ಬೆಲೆ ಬರುವುದು ಅವರದೇ ಹಿಂದಿನ ಅಂಕಿಯ ಪಕ್ಕ ಇಟ್ಟಾಗ. ದೀರ್ಘಕಾಲದ ನೋವಿನಲ್ಲಿ ಸುಮಾರು ಎರಡು ಅಂಕ ಇಳಿದರೆ ರೋಗಿಗೆ "ಹೌದು, ಕಮ್ಮಿಯಾಗಿದೆ" ಅಂತ ನಿಜವಾಗಿ ಅನಿಸುತ್ತದೆ ಅಂತ ಔಷಧಿ ಪರೀಕ್ಷೆಗಳಿಂದ ಗೊತ್ತಾಗಿದೆ. ಎಂಟು ಏಳಾದರೆ ಜಾಸ್ತಿ ಸಂಭ್ರಮ ಬೇಡ, ಆರಾದರೆ ಔಷಧಿ ಕೆಲಸ ಮಾಡುತ್ತಿದೆ.

ತಿಂಗಳಿಗೊಮ್ಮೆ ಕೇಳಿದರೆ ಮಾತ್ರ ಈ ಅಂಕಿ ಮೋಸ ಮಾಡುತ್ತದೆ. ಡೇನಿಯಲ್ ಕಾನೆಮನ್ ಮತ್ತು ಜೊತೆಯವರು 1993ರಲ್ಲಿ ಜನರ ಕೈಯನ್ನು 14 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಇಡಿಸಿದರು. ಇನ್ನೊಂದು ಸಲ ಅದೇ ಒಂದು ನಿಮಿಷ, ಅದರ ಮೇಲೆ ಇನ್ನೂ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತದೆ ಅಷ್ಟೆ, ಆಗಲೂ ಹಿತವಲ್ಲ. ಯಾವುದನ್ನು ಮತ್ತೆ ಮಾಡುತ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು! ನೆನಪು ಗಡಿಯಾರ ನೋಡುವುದಿಲ್ಲ. ತುಂಬಾ ನೊಂದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಮ್ಮ ಬಸ್ಸಿನಲ್ಲಿ ನಿಂತು, ಆಸ್ಪತ್ರೆಯ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಎರಡು ಗಂಟೆ ಕಾದು ಒಳಗೆ ಹೋದಾಗ "ಎಷ್ಟು?" ಅಂದರೆ ಎಂಟಲ್ಲದೆ ಇನ್ನೇನು ಹೇಳಿಯಾರು?

ಆದ್ದರಿಂದ ಗೋಡೆಯ ಕ್ಯಾಲೆಂಡರಿಗೆ ಒಂದು ಪೆನ್ನು ಕಟ್ಟಿಬಿಡಿ. ದಿನಾ ಎರಡು ಹೊತ್ತು, ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಒಂದು ಅಂಕಿ, ರಾತ್ರಿ ಮಲಗುವಾಗ ಒಂದು. ಪಕ್ಕದಲ್ಲಿ ಆವತ್ತು ಮಾಡಿದ ಒಂದು ಕೆಲಸ: ಮಹಡಿ ಹತ್ತಿದರೋ, ನೆಲದ ಮೇಲೆ ಕೂತು ತರಕಾರಿ ಹೆಚ್ಚಿದರೋ, ದೇವಸ್ಥಾನಕ್ಕೆ ನಡೆದರೋ. ರಾತ್ರಿ ಎಷ್ಟು ಸಲ ಎಚ್ಚರವಾಯಿತು ಅನ್ನೋದೂ ಇರಲಿ. ಮೂರು ವಾರ ಬರೆದರೆ ಸಾಕು.

ಅಂಕಿಯ ಜೊತೆಗೆ ಒಂದು ಮಾತನ್ನೂ ಬರೆಸಿ. ಕೆನಡಾದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವಿಗಿರುವ 78 ಇಂಗ್ಲಿಷ್ ಮಾತುಗಳನ್ನು ಗುಂಪು ಮಾಡಿ ಒಂದು ಪ್ರಶ್ನಾವಳಿ ಮಾಡಿದರು. ನಮ್ಮ ಅಮ್ಮಂದಿರಿಗೆ ಅದು ಬೇಕಿಲ್ಲ. ಸೆಳೀತಿದೆ, ಉರೀತಿದೆ, ಚುಚ್ತಿದೆ, ಜುಂ ಅಂತಿದೆ, ಹಿಂಡಿದ ಹಾಗಿದೆ, ಹಿಡ್ಕೊಂಡಿದೆ, ಛಳಕ್ ಅಂತು. ಇವುಗಳಲ್ಲಿ ಯಾವುದು ಅನ್ನೋದು ಡಾಕ್ಟರಿಗೆ ಎಂಟಕ್ಕಿಂತ ಜಾಸ್ತಿ ಹೇಳುತ್ತದೆ. ಬೆಳಿಗ್ಗೆ ಸ್ವಲ್ಪ ಹೊತ್ತು 'ಹಿಡ್ಕೊಂಡು' ಆಮೇಲೆ ಸಡಿಲವಾಗುವುದು ಸವೆದ ಕೀಲಿನ ಲಕ್ಷಣ. 'ಉರಿ'ಯೂ 'ಜುಂ'ಕಾರವೂ ಒಟ್ಟಿಗಿದ್ದರೆ ನರದ ಕಡೆಗೂ, ಶುಗರ್ ಕಡೆಗೂ ನೋಡಬೇಕು. ದಯವಿಟ್ಟು ನೀವು ಅದನ್ನು 'ಪೇಯ್ನ್' ಅಂತ ಅನುವಾದ ಮಾಡಿ ಹೇಳಬೇಡಿ. ಅಮ್ಮನ ಮಾತನ್ನೇ ಹೇಳಲು ಬಿಡಿ.

ಇದರ ನಡುವೆ ಮಂಡಿ ಕೆಂಪಗೆ ಊದಿಕೊಂಡು ಜ್ವರ ಬಂದರೆ, ಅಥವಾ ಇದ್ದಕ್ಕಿದ್ದಂತೆ ಆ ಕಾಲಿನ ಮೇಲೆ ಭಾರವೇ ಹಾಕಲಾಗದಂತಾದರೆ, ಕ್ಯಾಲೆಂಡರ್ ತುಂಬಲಿ ಅಂತ ಕಾಯಬೇಡಿ, ಆವತ್ತೇ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಮೂರು ವಾರದ ಹಾಳೆ ಮಡಚಿ ಎಕ್ಸ್‌ರೇ ಕವರಿನೊಳಗೇ ಇಟ್ಟುಕೊಳ್ಳಿ, ಮುಂದಿನ ಸಲ ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಡಿ.